ಭಜನೆ ನಡುವೆ ಸೆಟ್ ಸತ್ತರೆ: ಕರೆಂಟ್ ಇಲ್ಲದ ಕಡೆ ಬ್ಯಾಟರಿ ಸೆಟ್‌ನ ದೋಷ ಹುಡುಕುವುದು

ಧನುರ್ಮಾಸದ ಭಜನೆಗೆ ನಮ್ಮ ತಂಡ ಬೆಳಗಿನ ಜಾವ 5 ಗಂಟೆಗೆ ಹೊರಡುತ್ತದೆ. ಪಾಂಡವಪುರದ ಕಡೆಯ ಒಂದು ಹಳ್ಳಿ. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಒಂದು ಕೀಬೋರ್ಡ್, ಹಾರ್ಮೋನಿಯಂಗೆ ಒಂದು ಮೈಕ್, ಹಾಡುವವರಿಗೆ ಎರಡು, ಚಿಕ್ಕ ಮಿಕ್ಸರ್, ಆಂಪ್ಲಿಫೈಯರ್, ಎರಡು ಬಾಕ್ಸ್. ಇಷ್ಟಕ್ಕೂ ಒಂದು ಬ್ಯಾಟರಿ, ಒಂದು ಇನ್ವರ್ಟರ್. ಎರಡು ವರ್ಷದ ಹಿಂದೆ ಮೂರನೇ ಬೀದಿ ತಿರುಗುವಷ್ಟರಲ್ಲಿ ಸೆಟ್ ಪೂರ್ತಿ ಸತ್ತುಹೋಯಿತು. ಬ್ಯಾಟರಿ ಹೋಯಿತು ಅಂದುಕೊಂಡು ಅವತ್ತೇ ಮಂಡ್ಯಕ್ಕೆ ಹೋಗಿ ಹೊಸದು ತಂದೆವು. ಮಾರನೇ ಬೆಳಗ್ಗೆ ಅದೇ ಬೀದಿ, ಅದೇ ಹಾಡು, ಮತ್ತೆ ಸತ್ತಿತು. ಟ್ರ್ಯಾಕ್ಟರ್ ಓಡಿಸುವ ಹುಡುಗ ಇಳಿದು ಬಂದವನು ಬ್ಯಾಟರಿ ಕ್ಲಿಪ್ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. “ಅಣ್ಣೋ, ಬ್ಯಾಟ್ರಿ ಅಲ್ಲ ಕಣಣ್ಣ, ಈ ಕ್ಲಿಪ್ಪು ದೋಸೆ ಹಂಚಂಗೆ ಕಾದದೆ ನೋಡು” ಅಂದ.

ಅವನು ಹೇಳಿದ್ದೇ ಸರಿ. ಕ್ಲಿಪ್ಪಿನ ಹಲ್ಲಿಗೆ ಬಿಳಿ-ಹಸಿರು ಉಪ್ಪು ಕಟ್ಟಿತ್ತು, ಕರೆಂಟ್ ಅಲ್ಲೇ ಬಿಸಿಯಾಗಿ ಹಾಳಾಗುತ್ತಿತ್ತು. ಹಳೇ ಬ್ಯಾಟರಿ ಇವತ್ತಿಗೂ ನಮ್ಮ ಮನೆಯಲ್ಲಿ ಚೆನ್ನಾಗಿಯೇ ಇದೆ. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಬ್ಯಾಟರಿಯ ಮೇಲೆ ಅನುಮಾನ ಕೊನೆಗೆ, ಕ್ಲಿಪ್, ವೈರ್, ಪಿನ್ನುಗಳ ಮೇಲೆ ಮೊದಲು. ಅದನ್ನು ಹೇಗೆ ನೋಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ಸಾದಾ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು.

ಮುಟ್ಟುವ ಮೊದಲು

12 ವೋಲ್ಟ್ ಬ್ಯಾಟರಿ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಉಂಗುರ, ಕೈಯಲ್ಲಿ ಕಡಗ ಇದ್ದರೆ ತೆಗೆದಿಡಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಅದಕ್ಕೆ ಒಂದು ಕಿಡಿ ಸಾಕು, ಆದ್ದರಿಂದ ಅದರ ಹತ್ತಿರ ಬೀಡಿ, ಊದುಬತ್ತಿ, ಕರ್ಪೂರದ ಆರತಿ ಯಾವುದೂ ಬೇಡ. ಇದನ್ನು ಭಜನೆಯವರಿಗೆ ಹೇಳಲೇಬೇಕು, ಮಂಗಳಾರತಿ ತಟ್ಟೆ ನೇರ ಟ್ರೈಲರ್ ಮೇಲೇ ಬರುತ್ತದೆ! ಇನ್ನು ಇನ್ವರ್ಟರ್‌ನಿಂದ ಹೊರಗೆ ಬರುವುದು 230 ವೋಲ್ಟ್. ಬ್ಯಾಟರಿಯಿಂದ ಬಂದ ಕರೆಂಟ್ ತಾನೇ ಅಂತ ಸಸಾರ ಮಾಡಬೇಡಿ, ಮನೆಯ ಕರೆಂಟಿನಷ್ಟೇ ಅದೂ ಕೊಲ್ಲುತ್ತದೆ.

ಸ್ವಿಚ್ ಹಾಕಿದರೂ ಒಂದು ಲೈಟೂ ಹತ್ತುತ್ತಿಲ್ಲ

ಮೊದಲು ನಾಚಿಕೆಯಾಗುವಷ್ಟು ಸಣ್ಣ ವಿಷಯಗಳನ್ನು ನೋಡಿ. ಇನ್ವರ್ಟರ್‌ಗೆ ಅದರದೇ ಸ್ವಿಚ್ ಇರುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಇನ್ನೊಂದು. ಆಂಪ್ಲಿಫೈಯರ್ ಹಿಂದೆ ಫ್ಯೂಸ್. ಟ್ರೈಲರ್ ಕುಲುಕಾಟಕ್ಕೆ ಪ್ಲಗ್ ಅರ್ಧ ಹೊರಗೆ ಬಂದಿರುತ್ತದೆ. ನಮ್ಮಲ್ಲಿ ಇದೇ ಜಾಸ್ತಿ.

ಅದೆಲ್ಲ ಸರಿಯಿದ್ದರೆ ಮೀಟರ್ ತೆಗೆಯಿರಿ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಬ್ಯಾಟರಿಯ ಸೀಸದ ಕಂಬಗಳ ಮೇಲೇ ಕಡ್ಡಿ ಇಡಿ. ಕ್ಲಿಪ್ಪಿನ ಮೇಲಲ್ಲ, ಕಂಬದ ಮೇಲೆ. ಆಮೇಲೆ ಇನ್ವರ್ಟರ್‌ನ ಟರ್ಮಿನಲ್ ಮೇಲೆ ಇಡಿ. ಎರಡು ಕಡೆಯೂ ಒಂದೇ ಅಂಕಿ ಬಂದರೆ ವೈರ್ ಎಲ್ಲೂ ತುಂಡಾಗಿಲ್ಲ. ಬ್ಯಾಟರಿಯಲ್ಲಿ 12.5, ಇನ್ವರ್ಟರ್‌ನಲ್ಲಿ ಸೊನ್ನೆ ಅಂದರೆ ನಡುವಿನ ಫ್ಯೂಸ್ ಹಾರಿದೆ ಅಥವಾ ವೈರ್ ಕಿತ್ತಿದೆ. ಫ್ಯೂಸ್ ಅಷ್ಟೇ ಆಂಪಿಯರ್‌ನದ್ದು ಒಂದು ಸಲ ಹಾಕಿ ನೋಡಬಹುದು. ಮತ್ತೆ ಹಾರಿದರೆ ಅಲ್ಲಿಗೆ ನಿಲ್ಲಿಸಿ, ಒಳಗೆಲ್ಲೋ ಶಾರ್ಟ್ ಇದೆ. ತಾಮ್ರದ ಎಳೆ ಸುತ್ತಿ ಓಡಿಸುವವರನ್ನು ನೋಡಿದ್ದೇನೆ, ಆಗ ಫ್ಯೂಸ್ ಬದಲು ವೈರ್ ಉರಿಯುತ್ತದೆ. ಫ್ಯೂಸ್ ಇಲ್ಲವೇ ಇಲ್ಲ ಅಂದರೆ ಬ್ಯಾಟರಿಯ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ ಹಾಕಿಸಿ.

ಕತ್ತಲಲ್ಲಿ ಕ್ಲಿಪ್ ಉಲ್ಟಾ ಹಾಕಿದ್ದಿರಾ? ಹಾಗಿದ್ದರೆ ಇನ್ವರ್ಟರ್ ಒಳಗಿನ ಫ್ಯೂಸ್ ಹೋಗಿರಬಹುದು, ಅದರ ಜೊತೆ ಬೇರೆ ಭಾಗವೂ ಹೋಗಿರಬಹುದು. ಅದು ರಿಪೇರಿಯವರ ಕೆಲಸ. ಬಿಚ್ಚಿ ನೋಡುವ ಆಸೆ ಬೇಡ, ಒಳಗಿನ ಕೆಪಾಸಿಟರ್ ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತದೆ.

ನಿಮ್ಮದು ಲಿಥಿಯಂ ಬ್ಯಾಟರಿಯಾಗಿದ್ದು ಮೀಟರ್ ಸೊನ್ನೆ ಅಥವಾ ಒಂದೆರಡು ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಅದರೊಳಗಿನ ರಕ್ಷಣಾ ಬೋರ್ಡು ತಾನಾಗಿ ಬಾಗಿಲು ಹಾಕಿಕೊಂಡಿರುತ್ತದೆ. ಲೋಡ್ ಬಿಚ್ಚಿ ಅದರದೇ ಚಾರ್ಜರ್‌ಗೆ ಹಾಕಿದರೆ ಸಾಮಾನ್ಯವಾಗಿ ಎಚ್ಚರವಾಗುತ್ತದೆ.

ಬೇಸ್ ಬಿದ್ದಾಗಲೆಲ್ಲ ಇನ್ವರ್ಟರ್ ಬೀಪ್ ಅನ್ನುತ್ತದೆ, ಆಮೇಲೆ ಆಫ್

ಕೇಳಿ ಬರುವವರಲ್ಲಿ ಹತ್ತರಲ್ಲಿ ಆರೇಳು ಜನರ ದೂರು ಇದೇ. ಮೆಲ್ಲಗೆ ಹಾಡಿದರೆ ನಡೆಯುತ್ತದೆ, ತಬಲಾದ ಎಡಗೈ ಬಿದ್ದರೆ ಅಥವಾ ಕೀಬೋರ್ಡ್‌ನಲ್ಲಿ ರಿದಂ ಹಾಕಿದರೆ ಕುಯ್ಯೋ ಅನ್ನುತ್ತದೆ. ನಮ್ಮದೂ ಇದೇ ಆಗಿತ್ತು.

ಒಳಗೆ ನಡೆಯುವುದು ಇಷ್ಟು. ಬೇಸ್ ಬಿದ್ದ ಕ್ಷಣ ಆಂಪ್ಲಿಫೈಯರ್ ಒಮ್ಮೆಗೇ ಜಾಸ್ತಿ ಕರೆಂಟ್ ಕೇಳುತ್ತದೆ. 12 ವೋಲ್ಟ್‌ನಲ್ಲಿ 250 ವ್ಯಾಟ್ ಅಂದರೆ 21 ಆಂಪಿಯರ್, ಇನ್ವರ್ಟರ್ ತಿನ್ನುವುದೂ ಸೇರಿ 25 ಅಂದುಕೊಳ್ಳಿ. ಅಷ್ಟು ಕರೆಂಟ್ ಸಣ್ಣ ವೈರಿನಲ್ಲಿ ಹೋದರೆ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ಮನೆ ವೈರಿಂಗ್‌ಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು 3 ಮೀಟರ್ ಎಳೆದಿದ್ದೀರಿ ಅನ್ನಿ. ಹೋಗಿ ಬರುವ ದಾರಿ 6 ಮೀಟರ್. 25 ಆಂಪಿಯರ್‌ಗೆ ಅದರಲ್ಲಿ ಸುಮಾರು 1.1 ವೋಲ್ಟ್ ಹೋಗುತ್ತದೆ. ಬ್ಯಾಟರಿಯಲ್ಲಿ 11.6 ಇದ್ದರೂ ಇನ್ವರ್ಟರ್‌ಗೆ ಸಿಗುವುದು 10.5 ಮಾತ್ರ. ಹೆಚ್ಚಿನ ಇನ್ವರ್ಟರ್‌ಗಳು ಬ್ಯಾಟರಿ ಖಾಲಿ ಅಂತ ತಿಳಿದು ಕೈ ಎತ್ತುವುದು ಆ 10.5ರ ಆಸುಪಾಸಿನಲ್ಲೇ. ಬ್ಯಾಟರಿಯಲ್ಲಿ ಇನ್ನೂ ಬೇಕಾದಷ್ಟಿದೆ, ಪಾಪ ಅದಕ್ಕೆ ಗೊತ್ತಿಲ್ಲ.

ಇದನ್ನು ಹಿಡಿಯುವುದು ಸುಲಭ. ಸೆಟ್ ಓಡುತ್ತಿರಲಿ, ಒಬ್ಬರು ಜೋರಾಗಿ ಬಾರಿಸುತ್ತಿರಲಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಇನ್ನೊಂದು ಇನ್ವರ್ಟರ್‌ನ ಪ್ಲಸ್ ಸ್ಕ್ರೂ ಮೇಲೆ. ಹೌದು, ಎರಡೂ ಪ್ಲಸ್. ಬರುವ ಅಂಕಿ ಆ ಒಂದು ವೈರಿನಲ್ಲಿ ಸೋರುತ್ತಿರುವ ವೋಲ್ಟೇಜ್. ಹಾಗೇ ಮೈನಸ್ ಕಡೆಯೂ ನೋಡಿ. ಒಂದೊಂದರಲ್ಲಿ 0.2ರೊಳಗೆ ಇದ್ದರೆ ಒಳ್ಳೆಯದು. 0.5 ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಈಗ ಒಂದು ಕಡ್ಡಿ ಕಂಬದ ಮೇಲೆ, ಇನ್ನೊಂದು ಕ್ಲಿಪ್ಪಿನ ಮೇಲೆ ಇಡಿ. ಇಲ್ಲೇ ಅರ್ಧ ವೋಲ್ಟ್ ಬಂದರೆ ವೈರ್ ಸರಿಯಿದೆ, ಕ್ಲಿಪ್ ಕೆಟ್ಟಿದೆ. ಕೈಯಲ್ಲಿ ಮುಟ್ಟಿ ನೋಡುವುದಾದರೆ ಸೆಟ್ ಆಫ್ ಮಾಡಿ, ಬೆರಳ ಹಿಂಭಾಗದಿಂದ ಮೆಲ್ಲಗೆ ತಾಕಿಸಿ. ನಮ್ಮ ಹುಡುಗನ ಹಾಗೆ ಗಪ್ಪಂತ ಹಿಡಿಯಬೇಡಿ.

ಪರಿಹಾರ ಅಗ್ಗದ್ದು. ಕಂಬದ ಮೇಲಿನ ಉಪ್ಪನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಿಂದ ತೊಳೆಯಿರಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು, ಕಣ್ಣಿಗೂ ಸಿಡಿಯಬಾರದು. ಒಣಗಿದ ಮೇಲೆ ಬಿಗಿ ಮಾಡಿ, ಮೇಲಿಂದ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊಸಳೆ ಬಾಯಿಯ ಕ್ಲಿಪ್ ಬಿಟ್ಟು ಬೋಲ್ಟ್ ಹಾಕುವ ಲಗ್ ಕೂರಿಸಿ. ವೈರ್ 10 ಸ್ಕ್ವೇರ್ ಎಂಎಂ ಹಾಕಿ, ಆಗ ಅದೇ 3 ಮೀಟರ್‌ಗೆ ಎರಡೂ ಕಡೆ ಸೇರಿ 0.3 ವೋಲ್ಟ್‌ನೊಳಗೆ ಮುಗಿಯುತ್ತದೆ. ಅದಕ್ಕಿಂತ ಒಳ್ಳೆಯದು ವೈರನ್ನೇ ಗಿಡ್ಡ ಮಾಡುವುದು. ಬ್ಯಾಟರಿ ಪಕ್ಕದಲ್ಲೇ ಇನ್ವರ್ಟರ್ ಇಟ್ಟು, 230 ವೋಲ್ಟ್ ಕಡೆಯ ಎಕ್ಸ್‌ಟೆನ್ಷನ್ ಬೇಕಾದಷ್ಟು ಉದ್ದ ಎಳೆಯಿರಿ. ಆ ಕಡೆ ಒಂದೆರಡು ಆಂಪಿಯರ್ ಮಾತ್ರ ಹರಿಯುವುದರಿಂದ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಇದೆಲ್ಲ ಮಾಡಿದರೂ ಬೇಸ್ ಬಿದ್ದಾಗ ಬ್ಯಾಟರಿಯ ಕಂಬದ ಮೇಲೇ ವೋಲ್ಟೇಜ್ 10.5ಕ್ಕೆ ಕುಸಿಯುತ್ತಿದ್ದರೆ, ಈಗ ಬ್ಯಾಟರಿಯನ್ನು ಬೈಯಬಹುದು.

ಇನ್ನೊಂದು ಮಾತು. ನಿಮ್ಮ ಆಂಪ್ಲಿಫೈಯರ್ ಹಿಂದೆ ಒಂದು ಸಲ ಟಾರ್ಚ್ ಬಿಟ್ಟು ನೋಡಿ. ಮೈಕ್ ಸೆಟ್‌ನವರು ಬಳಸುವ ಅಹುಜಾ ಥರದ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ 12 ವೋಲ್ಟ್ ಬ್ಯಾಟರಿಗೇ ನೇರ ಕೊಡುವ ಟರ್ಮಿನಲ್ ಇರುತ್ತದೆ, ದೊಡ್ಡವುಗಳಲ್ಲಿ ಕೆಲವಕ್ಕೆ 24. ಅದಿದ್ದರೆ ಆಂಪ್ಲಿಫೈಯರ್‌ಗೆ ಇನ್ವರ್ಟರ್ ಯಾಕೆ ಬೇಕು? ಪ್ಲಸ್-ಮೈನಸ್ ಸರಿಯಾಗಿ ನೋಡಿ, ಫ್ಯೂಸ್ ಇಟ್ಟು, ನೇರ ಕೊಡಿ. ನಾವು ಈಗ ಹಾಗೇ ಮಾಡುತ್ತೇವೆ. ಇನ್ವರ್ಟರ್‌ಗೆ ಮಿಕ್ಸರ್, ಕೀಬೋರ್ಡ್ ಮಾತ್ರ.

ಚೆನ್ನಾಗಿಯೇ ನಡೆಯುತ್ತದೆ, ಆದರೆ ಗಂಟೆಗೆ ಮುಗಿದುಹೋಗುತ್ತದೆ

ಮೊದಲು ಲೆಕ್ಕ ಹಾಕಿ, ಎಷ್ಟೋ ಸಲ ದೋಷವೇ ಇರುವುದಿಲ್ಲ, ಆಸೆ ದೊಡ್ಡದಿರುತ್ತದೆ ಅಷ್ಟೇ. 80 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ 80 ಗುಣಿಸು 12, ಒಟ್ಟು 960 ವ್ಯಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ, ಹಾಗಾಗಿ ಕೈಗೆ ಸಿಗುವುದು 480. ಇನ್ವರ್ಟರ್ ಪಾಲು ಕಳೆದರೆ 400. ಭಜನೆ ಮಟ್ಟದ ಸದ್ದಿಗೆ ನಮ್ಮ ಸೆಟ್ ಸರಾಸರಿ 85 ವ್ಯಾಟ್ ಎಳೆಯುತ್ತದೆ. ನಾಲ್ಕೂವರೆ ಗಂಟೆ ಆರಾಮ. ಅದೇ 7 ಎಎಚ್‌ನ ಯುಪಿಎಸ್ ಬ್ಯಾಟರಿ ಇಟ್ಟರೆ ಕಾಗದದ ಮೇಲೇ 84 ವ್ಯಾಟ್-ಗಂಟೆ, ಜೋರಾಗಿ ಎಳೆದರೆ ಅಷ್ಟೂ ಕೊಡುವುದಿಲ್ಲ. ಗಣಪತಿ ಬಿಡುವ ಮೆರವಣಿಗೆಗೆ ಇದನ್ನು ಕಟ್ಟಿಕೊಂಡು ಹೊರಟರೆ ಕೆರೆ ತಲುಪುವುದಿಲ್ಲ.

ಲೆಕ್ಕದಂತೆ ಬರಬೇಕಾದದ್ದು ಬರುತ್ತಿಲ್ಲ ಅಂದರೆ ಚಾರ್ಜ್ ಪೂರ್ತಿ ಆಗಿತ್ತಾ ನೋಡಿ. ಚಾರ್ಜರ್‌ನಿಂದ ತೆಗೆದ ಕೂಡಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಒಂದೆರಡು ಗಂಟೆ ಸುಮ್ನೆ ಬಿಟ್ಟು ಆಮೇಲೆ ಅಳೆಯಿರಿ. 12.7 ಅಂದರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ, 12ಕ್ಕೆ ಬಂದರೆ ತಳ ಕಾಣುತ್ತಿದೆ. ಇದು ಸೀಸದ ಬ್ಯಾಟರಿಗೆ ಮಾತ್ರ. ಲಿಥಿಯಂನದು ಕೊನೆಯವರೆಗೂ 13ರ ಹತ್ತಿರವೇ ನಿಂತಿದ್ದು ತಟ್ಟನೆ ಬೀಳುತ್ತದೆ, ಅದನ್ನು ಮೀಟರ್‌ನಲ್ಲಿ ಅಂದಾಜು ಮಾಡಲು ಆಗುವುದಿಲ್ಲ.

ರಾತ್ರಿಯಿಡೀ ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಂತಿದೆಯಾ? ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಗಾಜಿನ ಕೊಳವೆ) ಹಾಕಿದಾಗ ಐದು ಸೆಲ್ ಒಂದು ಮಟ್ಟ, ಒಂದು ಮಾತ್ರ ತೀರಾ ಕೆಳಗೆ ಕಾಣುತ್ತದೆ. ಇದಕ್ಕೆ ಮದ್ದಿಲ್ಲ. ನೀರಿನ ಮಟ್ಟ ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಎಷ್ಟು ಉಪ್ಪು ಅಂತ ಪಾತ್ರೆ ತಳ ನೋಡಿದವರಿಗೆ ಗೊತ್ತು, ಅಲ್ವಾ?

ಟ್ರಾಲಿ ಸ್ಪೀಕರ್ ಇಟ್ಟುಕೊಂಡವರ ಕಥೆ ಬೇರೆ. ಗಣೇಶನ ಹಬ್ಬಕ್ಕೆ ಬಳಸಿ ಮೂಲೆಗಿಟ್ಟು, ಮುಂದಿನ ಶ್ರಾವಣಕ್ಕೆ ತೆಗೆಯುತ್ತಾರೆ. ಹೆಚ್ಚಿನವುಗಳ ಒಳಗೆ ಇರುವುದೂ 12 ವೋಲ್ಟ್‌ನ ಪುಟ್ಟ ಸೀಸದ ಬ್ಯಾಟರಿಯೇ. ಖಾಲಿ ಇಟ್ಟ ಸೀಸದ ಬ್ಯಾಟರಿ ಒಳಗೇ ಗಟ್ಟಿಯಾಗಿಬಿಡುತ್ತದೆ. ಬಳಸದಿದ್ದರೂ ತಿಂಗಳಿಗೊಂದು ಸಲ ಚಾರ್ಜ್‌ಗೆ ಹಾಕಿ.

ಟ್ರ್ಯಾಕ್ಟರ್‌ನ ಬ್ಯಾಟರಿಯಿಂದಲೇ ಓಡಿಸಬಹುದಾ ಅಂತ ಕೇಳುತ್ತಾರೆ. ಓಡುತ್ತದೆ. ಆದರೆ ಅದು ಸ್ಟಾರ್ಟ್ ಮಾಡಲು ಒಂದು ಕ್ಷಣ ಜೋರಾಗಿ ಕರೆಂಟ್ ಕೊಡಲೆಂದು ಮಾಡಿದ ಬ್ಯಾಟರಿ, ಗಂಟೆಗಟ್ಟಲೆ ಹಿಂಡಿದರೆ ಬೇಗ ಹಾಳಾಗುತ್ತದೆ. ಮೇಲಾಗಿ ಹಾಡು ಮುಗಿದ ಮೇಲೆ ಕಬ್ಬಿನ ಗದ್ದೆ ನಡುವೆ ಟ್ರ್ಯಾಕ್ಟರ್ ತಳ್ಳಲು ಭಜನೆಯವರು ಯಾರೂ ಉಳಿದಿರುವುದಿಲ್ಲ.

ಗುಂಯ್ ಅನ್ನುತ್ತದೆ, ಕೀಂಯ್ ಅನ್ನುತ್ತದೆ

ಸದ್ದು ಎರಡು ಥರ. ಟ್ರ್ಯಾಕ್ಟರ್ ರೇಸ್ ಮಾಡಿದ ಹಾಗೆ ಕೀಂಯ್ ಸ್ವರ ಏರಿ ಇಳಿದರೆ ಅದು ಗಾಡಿಯ ಆಲ್ಟರ್ನೇಟರ್. ಸೆಟ್‌ಗೆ ಬೇರೆ ಬ್ಯಾಟರಿ ಇಡಿ, ಗಾಡಿಯ ಲೋಹದ ಮೈಗೆ ಯಾವ ವೈರೂ ತಾಗದ ಹಾಗೆ ನೋಡಿಕೊಳ್ಳಿ. ಮುಗಿಯಿತು.

ಒಂದೇ ಸಮ ಗುಂಯ್ ಅಂದರೆ ಹೀಗೆ ಮಾಡಿ. ಮಿಕ್ಸರ್‌ಗೆ ಬರುವ ಎಲ್ಲ ಪಿನ್ ಕೀಳಿ. ಆಗಲೂ ಸದ್ದಿದ್ದರೆ ತೊಂದರೆ ಪವರ್ ಕಡೆಯದು. ನಿಂತರೆ ಒಂದೊಂದಾಗಿ ಹಾಕುತ್ತಾ ಬನ್ನಿ, ಯಾವುದು ಹಾಕಿದಾಗ ಶುರುವಾಯಿತೋ ಅದೇ. ಕೀಬೋರ್ಡ್‌ನಿಂದ ಅನ್ನಿಸಿದರೆ ಅಡಾಪ್ಟರ್ ಕಿತ್ತು ಸೆಲ್ ಮೇಲೆ ಓಡಿಸಿ ನೋಡಿ. ಸದ್ದು ಹೋದರೆ ಅಡಾಪ್ಟರ್ ಅಥವಾ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಸೇರಿ ಸುತ್ತುವ ಕರೆಂಟ್), ಕೀಬೋರ್ಡ್‌ಗೂ ಮಿಕ್ಸರ್‌ಗೂ ನಡುವೆ ಆ ಸುತ್ತು ತುಂಡರಿಸುವ ಪುಟ್ಟ ಡಬ್ಬಿ, ಡಿಐ ಬಾಕ್ಸ್, ಇಟ್ಟರೆ ಸಾಕು. ಪಲ್ಲಕ್ಕಿಯ ಸೀರಿಯಲ್ ಸೆಟ್, ಯಾರದೋ ಮೊಬೈಲ್ ಚಾರ್ಜರ್ ಇದೇ ಇನ್ವರ್ಟರ್‌ಗೆ ಹಾಕಿದ್ದರೆ ಅವನ್ನು ಮೊದಲು ಆಫ್ ಮಾಡಿಸಿ. ನಮಗೆ ಒಮ್ಮೆ ಅರ್ಧ ಗಂಟೆ ತಲೆ ತಿಂದದ್ದು ಒಂದು ಫೋನ್ ಚಾರ್ಜರ್.

ಪವರ್ ಕಡೆಯದೇ ಆಗಿದ್ದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದಾ, ಅಂದರೆ ಕರೆಂಟಿನ ಅಲೆಯನ್ನು ನಯವಾಗಿಲ್ಲದೆ ಚೌಕ ಚೌಕವಾಗಿ ಕೊಡುವುದಾ ಅಂತ ನೋಡಿ. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಆಂಪ್ಲಿಫೈಯರ್ ಅದರ ಮೇಲೆ ಗುಂಯ್‌ಗುಡುತ್ತದೆ, ಬಿಸಿಯೂ ಆಗುತ್ತದೆ. ಸಂಗೀತಕ್ಕೆ ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇರುವುದೇ ಬೇಕು, ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಕೀಬೋರ್ಡ್ ಅಥವಾ ಪೆಡಲ್ ತಾನಾಗಿ ಆಫ್ ಆಗುತ್ತದೆ

ಮೈಸೂರಿನ ಹುಡುಗರು ಗಿಟಾರ್ ಹಿಡಿದು ಕೆಆರ್‌ಎಸ್ ಹಿನ್ನೀರಿಗೆ ಹೋಗುತ್ತಾರಲ್ಲ, ಅವರ ತೊಂದರೆ ಇದು. ಪವರ್ ಬ್ಯಾಂಕ್‌ಗೆ ಪೆಡಲ್ (ಗಿಟಾರ್ ಸ್ವರ ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಕೊಟ್ಟರೆ ಅರ್ಧ ನಿಮಿಷಕ್ಕೆ ಆಫ್. ಪೆಡಲ್ ಎಳೆಯುವ ಕರೆಂಟ್ ತೀರಾ ಕಡಿಮೆ, ಪವರ್ ಬ್ಯಾಂಕ್ ಏನೂ ಹಾಕಿಲ್ಲ ಅಂತ ತಿಳಿದು ಮಲಗುತ್ತದೆ. ಕಡಿಮೆ ಕರೆಂಟ್‌ನ ಮೋಡ್ ಇರುವ ಪವರ್ ಬ್ಯಾಂಕ್ ಬಳಸಿ, ಇಲ್ಲವೇ ಅದೇ ಪೋರ್ಟ್‌ಗೆ ಒಂದು ಚಿಕ್ಕ ಯುಎಸ್‌ಬಿ ಲೈಟ್ ಜೋಡಿಸಿ. 20,000 ಎಂಎಎಚ್ ಅಂತ ಬರೆದಿರುವುದು ಒಳಗಿನ 3.7 ವೋಲ್ಟ್ ಲೆಕ್ಕ. ಅಂದರೆ 74 ವ್ಯಾಟ್-ಗಂಟೆ, ಹೊರಗೆ ಸಿಗುವುದು ಅದಕ್ಕೂ ಕಡಿಮೆ.

ಅಡಾಪ್ಟರ್ ಬದಲಾಯಿಸುವಾಗ ಎರಡು ವಿಷಯ ನೋಡಲೇಬೇಕು, ವೋಲ್ಟೇಜ್ ಮತ್ತು ಪಿನ್ನಿನ ಒಳಭಾಗ ಪ್ಲಸ್ಸಾ ಮೈನಸ್ಸಾ ಅನ್ನುವುದು. ಗಿಟಾರ್ ಪೆಡಲ್‌ಗಳು ಸಾಮಾನ್ಯವಾಗಿ 9 ವೋಲ್ಟ್, ಒಳಗೆ ಮೈನಸ್. ಯಮಹಾದ ಎಷ್ಟೋ ಚಿಕ್ಕ ಕೀಬೋರ್ಡ್‌ಗಳು 12 ವೋಲ್ಟ್, ಒಳಗೆ ಪ್ಲಸ್. ಪಿನ್ ಸೇರಿತು ಅಂತ ಹಾಕಿದರೆ ಹೋಯಿತು. 12 ವೋಲ್ಟ್ ಕೀಬೋರ್ಡ್ ಅಂತ ಓಡುತ್ತಿರುವ ಗಾಡಿಯ ಬ್ಯಾಟರಿಗೆ ನೇರ ಕೊಡಲೂಬೇಡಿ. ಎಂಜಿನ್ ಓಡುವಾಗ ಅಲ್ಲಿ 14 ವೋಲ್ಟ್ ದಾಟಿರುತ್ತದೆ.

ಸೆಲ್ ಹಾಕಿ ಓಡಿಸುವವರು ಅಗ್ಗದ ಸೆಲ್ ಬಿಟ್ಟು ಆಲ್ಕಲೈನ್ ಹಾಕಿ. ಹೊಸದು ಹಳೇದು ಬೆರೆಸಿದರೆ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ. ಕರಿಘಟ್ಟದಂಥ ಕಡೆ ಮೆಟ್ಟಿಲು ಹತ್ತಿ ಹಾಡುವುದಾದರೆ ಸೆಲ್ ಕೀಬೋರ್ಡ್ ಮತ್ತು ಬ್ಯಾಟರಿ ಸ್ಪೀಕರ್ ಸಾಕು. 150 ಎಎಚ್ ಟ್ಯೂಬುಲರ್ ಬ್ಯಾಟರಿ 50 ಕಿಲೋ ಮೀರಿ ತೂಗುತ್ತದೆ, ಹೊತ್ತವರ ಬೆನ್ನಿಗೆ ರಿಪೇರಿ ಅಂಗಡಿ ಇಲ್ಲ.

ಮೈಕ್ ತುಟಿಗೆ ತಾಗಿದರೆ ಜುಂ ಅನ್ನುತ್ತದೆ

ಹಾಡು ನಿಲ್ಲಿಸಿ. ಇನ್ವರ್ಟರ್ ಆಫ್ ಮಾಡಿ. ಇದರಲ್ಲಿ ನೀವೇ ಹುಡುಕುವ ಕೆಲಸ ಬೇಡ. ಭಜನೆಯವರು ಬರಿಗಾಲಲ್ಲಿ ಇರುತ್ತಾರೆ, ನೆಲ ಇಬ್ಬನಿಗೆ ಒದ್ದೆ, ಕೈಯಲ್ಲಿ ಲೋಹದ ತಾಳ. ಎರಡು ಪಿನ್ ಅಡಾಪ್ಟರ್‌ನಿಂದ ಬರುವ ಸಣ್ಣ ಸೋರಿಕೆಯೂ ಜುಂ ಅನ್ನಿಸುತ್ತದೆ, ಆಂಪ್ಲಿಫೈಯರ್‌ನ ಲೋಹದ ಮೈಗೆ 230 ತಾಗಿದ್ದರೂ ಮೊದಲು ಜುಂ ಅನ್ನಿಸಬಹುದು, ತುಟಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀವು ನೋಡಬಹುದಾದದ್ದು ಇಷ್ಟೇ, ಅದೂ ಆಫ್ ಮಾಡಿ: ಮೂರನೇ ಪಿನ್ ಯಾರಾದರೂ ಮುರಿದಿದ್ದಾರಾ, ವೈರ್ ಎಲ್ಲಾದರೂ ಸುಲಿದಿದೆಯಾ, ಆಂಪ್ಲಿಫೈಯರ್ ಒಳಗೆ ಇಬ್ಬನಿ ಇಳಿದಿದೆಯಾ. ಉಳಿದದ್ದು ಎಲೆಕ್ಟ್ರಿಷಿಯನ್‌ಗೆ. ಅವತ್ತಿನ ಭಜನೆ ಮೈಕ್ ಇಲ್ಲದೆ ಆಗಲಿ.

ಬ್ಯಾಟರಿ ಕೈಕೊಟ್ಟಿತು ಅಂತ ಬೀದಿಯ ಕರೆಂಟ್ ಕಂಬದ ಲೈನಿಗೆ ಕೊಕ್ಕೆ ಹಾಕುವ ಸಲಹೆ ಯಾವ ಊರಲ್ಲೂ ಯಾರಾದರೂ ಒಬ್ಬರು ಕೊಡುತ್ತಾರೆ. ಬೇಡ. ಜಾಗಕ್ಕೆ ಕರೆಂಟ್ ಬೇಕಿದ್ದರೆ ತಾತ್ಕಾಲಿಕ ಸಂಪರ್ಕಕ್ಕೆ ಚೆಸ್ಕಾಂನಲ್ಲಿ, ನಾವು ಇನ್ನೂ ಕೆಇಬಿ ಅನ್ನುವ ಆಫೀಸಿನಲ್ಲಿ, ಮೊದಲೇ ಅರ್ಜಿ ಕೊಡಬಹುದು.

ಜನರೇಟರ್ ಇಟ್ಟುಕೊಂಡವರಿಗೆ

ಲೈಟ್ ಹಾಕಿದಾಗಲೆಲ್ಲ ಜನರೇಟರ್ ಉಬ್ಬಸ ಬಂದಂತೆ ಮಾಡಿದರೆ ಮೊದಲು ಲೋಡ್ ಕಡಿಮೆ ಮಾಡಿ, ಆಮೇಲೆ ಪೆಟ್ರೋಲ್ ಹಳೆಯದಾ, ಚೋಕ್ ಹಾಗೇ ಬಿಟ್ಟಿದ್ದೀರಾ, ಏರ್ ಫಿಲ್ಟರ್‌ನಲ್ಲಿ ಧೂಳು ತುಂಬಿದೆಯಾ ನೋಡಿ. ಕೀಬೋರ್ಡ್ ಹಾಕುವ ಮೊದಲು ಸಾಕೆಟ್‌ನಲ್ಲಿ 230ರ ಆಸುಪಾಸು ಇದೆಯಾ ಅಳೆಯಿರಿ. ಪೆಂಡಾಲ್ ಒಳಗೆ, ಮುಚ್ಚಿದ ಟೆಂಪೋ ಒಳಗೆ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆ ಬಂದಂತೆ ಆಗಿ ಏಳುವುದೇ ಇಲ್ಲ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಸುರಿಯಬೇಡಿ.

ಬ್ಯಾಟರಿ ಉಬ್ಬಿದೆ, ಕೊಳೆತ ಮೊಟ್ಟೆ ವಾಸನೆ

ಚಾರ್ಜರ್ ಅಥವಾ ಇನ್ವರ್ಟರ್‌ನ ಸ್ವಿಚ್ ಮೊದಲು ಆಫ್ ಮಾಡಿ, ಆಮೇಲೆ ವೈರ್ ಬಿಚ್ಚಿ. ಗಾಳಿ ಆಡಲಿ, ತಣ್ಣಗಾಗಲಿ. ಸೀಸದ ಬ್ಯಾಟರಿ ಜಾಸ್ತಿ ಚಾರ್ಜ್ ಆಗಿ ಕುದಿಯುತ್ತಿದೆ ಅಂತ ಅರ್ಥ. ಉಬ್ಬಿದ ಲಿಥಿಯಂ ಆದರೆ ಚುಚ್ಚಬೇಡಿ, ಮತ್ತೆ ಚಾರ್ಜ್ ಹಾಕಬೇಡಿ, ಮನೆಯೊಳಗೆ ಇಡಬೇಡಿ. ಆಸಿಡ್ ಮೈಮೇಲೆ ಬಿದ್ದರೆ ನಲ್ಲಿ ಕೆಳಗೆ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ.

ಇಷ್ಟೆಲ್ಲ ನೋಡಿದ ಮೇಲೂ ಬ್ಯಾಟರಿ ಮೇಲೇ ಅನುಮಾನ ಇದ್ದರೆ ಪೂರ್ತಿ ಚಾರ್ಜ್ ಮಾಡಿ ಅಂಗಡಿಗೆ ಒಯ್ಯಿರಿ. ವೋಲ್ಟೇಜ್ ನೋಡಿ “ಹೋಗಿದೆ ಸಾರ್” ಅಂದರೆ ಒಪ್ಪಬೇಡಿ. “ಲೋಡ್ ಟೆಸ್ಟರ್ ಇಟ್ಟು ನನ್ನ ಮುಂದೆ ಒತ್ತಿ ತೋರಿಸಣ್ಣ” ಅನ್ನಿ. ಹತ್ತು ಸೆಕೆಂಡ್ ಒತ್ತಿದಾಗ ಮುಳ್ಳು ಹಸಿರಿನಲ್ಲಿ ನಿಂತರೆ ಬ್ಯಾಟರಿ ಮನೆಗೆ ವಾಪಸ್. ಜರ್ರನೆ ಕೆಂಪಿಗೆ ಇಳಿದರೆ ಹೊಸದು ತಗೊಳ್ಳಿ, ಹಳೇದನ್ನು ಅಲ್ಲೇ ಕೊಟ್ಟು ಅದರ ಬೆಲೆ ಕಳೆಸಿಕೊಳ್ಳಿ.